ನಾಮಿನಿ ಬೇರೆ, ವಾರಸುದಾರರು ಬೇರೆ

ಓದುಗರೊಬ್ಬರು ಹೆಸರು ಬೇಡವೆಂದು ಕೋರಿ ಬರೆದಿದ್ದಾರೆ: "ನಾವಿಬ್ಬರೂ ಆರು ವರ್ಷಗಳಿಂದ ಮದುವೆಯಾಗದೆ ಒಟ್ಟಿಗಿದ್ದೇವೆ. ಜೀವವಿಮೆ, ಪಿಎಫ್, ಷೇರು ಎಲ್ಲಕ್ಕೂ ಒಬ್ಬರಿಗೊಬ್ಬರು ನಾಮಿನಿ. ನನ್ನ ಸಂಗಾತಿಗೆ ತಂದೆ ಇಲ್ಲ. ತಾಯಿ ಅವರ ದುಡಿಮೆಯನ್ನೇ ನಂಬಿದ್ದಾರೆ. ಹಣಕಾಸಿನ ಮಟ್ಟಿಗೆ ಇಷ್ಟು ಸಾಕಲ್ಲವೇ? ಮದುವೆಯಾದರೆ ಏನಾದರೂ ಬದಲಾಗುತ್ತದೆಯೇ?"

ಸಾಲದು. ಇದನ್ನು ಮೊದಲೇ ಹೇಳಿಬಿಡುತ್ತೇವೆ, ಏಕೆಂದರೆ ನಾಮಿನಿ ಕಾಲಂ ತುಂಬಿಸಿ ನಿಶ್ಚಿಂತೆಯಿಂದ ಇರುವವರು ಬಹಳ ಮಂದಿ. ಸಾಮಾನ್ಯವಾಗಿ ನಾಮಿನಿ ಎಂದರೆ ಹಣವನ್ನು ಕೈಗೆ ಪಡೆಯುವವರು ಅಷ್ಟೇ. ಅದರ ಒಡೆತನ ಯಾರದೆಂದು ನಿರ್ಧರಿಸುವುದು ಉಯಿಲು. ಉಯಿಲಿಲ್ಲದಿದ್ದರೆ ಉತ್ತರಾಧಿಕಾರ ಕಾನೂನು. ಷೇರುಗಳಿಗೂ ಇದೇ ಮಾತು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಜೀವವಿಮೆಯಲ್ಲಿ ಒಂದು ವಿನಾಯಿತಿ ಉಂಟು. ವಿಮಾ ಕಾಯ್ದೆಯ 39ನೇ ಸೆಕ್ಷನ್‌ಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದ್ದೇ. ಆ ಪಟ್ಟಿಯಲ್ಲಿ ನೀವಿಲ್ಲ. ಅವರಿಗೇನಾದರೂ ಆದರೆ ವಿಮಾ ಕಂಪನಿ ನಿಮಗೇ ಹಣ ಕೊಡಬಹುದು, ಆದರೆ ನಾಳೆ ತಾಯಿ ಅದನ್ನು ಕೇಳಿ ಕೋರ್ಟಿಗೆ ಹೋದರೆ ನಿಮ್ಮ ಕೈಯಲ್ಲಿ ಉಯಿಲು ಇರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ, ಮದುವೆಯಾಗದ, ಮಕ್ಕಳಿಲ್ಲದ ಮಗ ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿ ತಾಯಿಗೆ ಸೇರುತ್ತದೆ. ಆರು ವರ್ಷ ಜೊತೆಗಿದ್ದ ನಿಮಗೆ ಬಿಡಿಗಾಸಿನ ಪಾಲೂ ಇಲ್ಲ.

ಪಿಎಫ್ ವಿಷಯ ಇನ್ನೂ ಬಿಗಿ. ಕುಟುಂಬ ಇರುವ ಸದಸ್ಯ ಕುಟುಂಬದವರನ್ನು ಮಾತ್ರ ನಾಮಿನಿ ಮಾಡಬಹುದು, ಅವಲಂಬಿತ ತಾಯಿಯೂ ಕುಟುಂಬವೇ. ಹಾಗಾಗಿ ಅವರ ಖಾತೆಯಲ್ಲಿ ನಿಮ್ಮ ಹೆಸರಿನ ನಾಮಿನೇಶನ್ ನಿಲ್ಲುವುದಿಲ್ಲ. ಇ-ನಾಮಿನೇಶನ್ ಪುಟದಲ್ಲಿ 'ಕುಟುಂಬ ಇದೆಯೇ' ಎಂಬ ಪ್ರಶ್ನೆಗೆ ಅವರು 'ಇಲ್ಲ' ಎಂದು ಒತ್ತಿದ್ದರೆ ಎಡವಟ್ಟಾಗಿರುವುದು ಅಲ್ಲೇ. ಪಿಎಫ್ ಜೊತೆಗೆ ಬರುವ ಇಡಿಎಲ್‌ಐ ವಿಮೆ, ಗರಿಷ್ಠ 7 ಲಕ್ಷ ರೂಪಾಯಿ, ಅದೂ ಪಿಎಫ್‌ನ ದಾರಿಯನ್ನೇ ಹಿಡಿಯುತ್ತದೆ.

ಆರೋಗ್ಯ ವಿಮೆಗೆ ಇಬ್ಬರೂ ಪ್ರತ್ಯೇಕ ಪಾಲಿಸಿ ಮಾಡಿಸಿಕೊಳ್ಳುವುದೇ ಕ್ಷೇಮ.

ತೆರಿಗೆಯನ್ನು ಯಾರೂ ನೆನಪಿಡುವುದಿಲ್ಲ. ಮನೆ ಕೊಳ್ಳಲು ಅವರು ನಿಮಗೆ 10 ಲಕ್ಷ ಉಡುಗೊರೆಯಾಗಿ ಕೊಟ್ಟರೆ, ಕಾನೂನಿನ ಕಣ್ಣಿಗೆ ನೀವು ಸಂಬಂಧಿಯಲ್ಲ. ವರ್ಷದ ಉಡುಗೊರೆ 50,000 ದಾಟಿದ ಕಾರಣ ಪೂರ್ತಿ ಮೊತ್ತ ನಿಮ್ಮ ಆದಾಯಕ್ಕೆ ಸೇರುತ್ತದೆ. ಗಂಡ ಹೆಂಡತಿಗೆ ಕೊಟ್ಟರೆ ಈ ತೆರಿಗೆ ಇಲ್ಲ, ಆದರೆ ಆ ಹಣದಿಂದ ಬರುವ ಬಡ್ಡಿ, ಬಾಡಿಗೆ ಕೊಟ್ಟವರ ಆದಾಯಕ್ಕೇ ಸೇರುತ್ತದೆ. ಉಯಿಲಿನಿಂದ ಬಂದದ್ದಕ್ಕೆ ಉಡುಗೊರೆಯ ತೆರಿಗೆ ಇಲ್ಲ.

ಮದುವೆಯಾದರೆ ಎಲ್ಲ ತಾನಾಗಿ ಸರಿಹೋಗುತ್ತದೆಂದೂ ಭಾವಿಸಬೇಡಿ. ಆಗಲೂ ಉಯಿಲಿಲ್ಲದಿದ್ದರೆ ತಾಯಿಗೂ ನಿಮಗೂ ಸಮಪಾಲು. ಮದುವೆಗೆ ಮೊದಲು ಮಾಡಿದ ಪಿಎಫ್ ನಾಮಿನೇಶನ್ ಹೊಸದಾಗಿ ಮಾಡಬೇಕು. ಸಾಲ ಇರುವವರಿಗೆ ಒಂದು ದೊಡ್ಡ ಅನುಕೂಲವಿದೆ: 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಗಂಡ ತೆಗೆದುಕೊಂಡ ಪಾಲಿಸಿಯ ಹಣಕ್ಕೆ ಸಾಮಾನ್ಯವಾಗಿ ಸಾಲ ಕೊಟ್ಟವರು ಕೈಹಾಕುವಂತಿಲ್ಲ. ಈ ಕಾಯ್ದೆಯಡಿ ಎಂದು ಪಾಲಿಸಿ ಮಾಡಿಸುವಾಗಲೇ ಬರೆಸಬೇಕು.

ಮದುವೆ ನಿಮ್ಮ ಇಷ್ಟ. ಉಯಿಲು ಮಾತ್ರ ಮುಂದೂಡಬೇಡಿ. ಛಾಪಾ ಕಾಗದ ಬೇಕಿಲ್ಲ. ವಿಮೆ, ಷೇರು, ಖಾತೆಗಳನ್ನು ಸಂಖ್ಯೆಸಮೇತ ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಬೇಕು, ಅವರೂ ಸಹಿ ಹಾಕಬೇಕು. ಪಾಲು ಪಡೆಯುವ ನೀವು ಸಾಕ್ಷಿಯಾಗಬೇಡಿ. ನೋಂದಣಿ ಕಡ್ಡಾಯವಲ್ಲ, ಆದರೂ ನಿಮ್ಮಂಥ ಸಂದರ್ಭದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ. ತಕರಾರು ಬಂದಾಗ ಬಲವಾಗುತ್ತದೆ. ತಾಯಿಗೂ ಅದರಲ್ಲಿ ಇಂತಿಷ್ಟು ಎಂದು ಬರೆಸಿ, ಈಗಲೇ ಅವರಿಗೆ ತಿಳಿಸಿ.