ಹದಿನಾಲ್ಕು ಬಟನ್ ಬೇಡ ಸರ್, ನಾಲ್ಕು ಸಾಕು

ಸರ್, ನಿಮ್ಮ ಶಾಲೆಯ ಹತ್ತು ಹಳೆ ಮೆಷಿನ್‌ಗಳಿಗೆ ಮಿಂಟ್ ಎಕ್ಸ್‌ಎಫ್‌ಸಿಇ (ಹಗುರವಾದ ಲಿನಕ್ಸ್) ಹಾಕಿ, ಸ್ಕ್ರೀನಿನ ಕೆಳಗಿನ ಪಟ್ಟಿಯಾದ ಪ್ಯಾನೆಲ್‌ನಲ್ಲಿ ಹದಿನಾಲ್ಕು ಲಾಂಚರ್ (ಪ್ರೋಗ್ರಾಂ ತೆರೆಯುವ ಬಟನ್) ಸಾಲಾಗಿ ಜೋಡಿಸಿರುವ ಫೋಟೊ ನೋಡಿದೆ. ಇನ್ನೇನು ಸೇರಿಸಲಿ ಅಂತ ಕೇಳಿದ್ದೀರಿ. ಸೇರಿಸಬೇಡಿ, ತೆಗೆಯಿರಿ. ನಾನೂ ಮೊದಲ ಸಲ ಹೀಗೇ ಮಾಡಿದ್ದೆ. ಅದರಿಂದ ಒಬ್ಬ ಹುಡುಗಿಯ ಒಂದು ಗಂಟೆಯ ಕೆಲಸ ಹೋಯಿತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮವು 2 ಜಿಬಿ ರ‍್ಯಾಮ್‌ನ ಮೆಷಿನ್‌ಗಳು. ಲಿಬ್ರೆಆಫೀಸ್‌ನ ಬರೆಯುವ ಪ್ರೋಗ್ರಾಂ ರೈಟರ್, ಅದರ ಬಟನ್ ಒತ್ತಿದರೆ ತೆರೆಯಲು ಅರ್ಧ ನಿಮಿಷ ಬೇಕು. ಮಕ್ಕಳು ಕಾಯುತ್ತಾರಾ? ಮತ್ತೆ ಮತ್ತೆ ಒತ್ತುತ್ತಾರೆ. ಎಕ್ಸ್‌ಎಫ್‌ಸಿಇ ಲಾಂಚರ್‌ಗೆ ಆ ಪ್ರೋಗ್ರಾಂ ಆಗಲೇ ತೆರೆದಿದೆಯಾ ಇಲ್ಲವಾ ಅನ್ನುವುದು ಗೊತ್ತಿಲ್ಲ, ಒತ್ತಿದಷ್ಟು ಸಲ ಹೊಸದು ತೆರೆಯುತ್ತದೆ. ಆ ಹುಡುಗಿ ಪ್ರಬಂಧ ಟೈಪ್ ಮಾಡುತ್ತಾ ನಡುವೆ ಏನೋ ನೋಡಲು ಫೈರ್‌ಫಾಕ್ಸ್‌ಗೆ ಹೋದಳು. ವಾಪಸ್ ಬರಲು ರೈಟರ್ ಬಟನ್ ಒತ್ತಿದಳು. ಬಂದದ್ದು ಖಾಲಿ ಹಾಳೆ. ಇನ್ನೊಮ್ಮೆ ಒತ್ತಿದಳು, ಇನ್ನೊಂದು ಖಾಲಿ ಹಾಳೆ. ಅನ್‌ಟೈಟಲ್ಡ್ 6ರವರೆಗೆ ಹೋಗಿ ಅಳಲು ಶುರು ಮಾಡಿದಳು. ನಾನು ಹೋಗಿ ಖಾಲಿ ಹಾಳೆಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದೆ. ಒಂದು ಕಡೆ ಸೇವ್ ಮಾಡಬೇಕಾ ಅಂತ ಕೇಳಿತು. ಇದೂ ಖಾಲಿಯದೇ ಇರಬೇಕು ಅಂದುಕೊಂಡು ಬೇಡ ಅಂದುಬಿಟ್ಟೆ. ಅದು ಅವಳ ಪ್ರಬಂಧವೇ ಆಗಿತ್ತು. ಏನೂ ಬರೆಯದ ಹಾಳೆಗೆ ಲಿಬ್ರೆಆಫೀಸ್ ಆ ಪ್ರಶ್ನೆ ಕೇಳುವುದೇ ಇಲ್ಲ, ಅದು ಆ ಗಡಿಬಿಡಿಯಲ್ಲಿ ನನಗೆ ಹೊಳೆಯಲಿಲ್ಲ.

ಅವಳ ಪ್ರಬಂಧ ಅಲ್ಲೇ ಕೆಳಗೆ ಇತ್ತು, ಯಾಕೆ ಕಾಣಲಿಲ್ಲ ಗೊತ್ತಾ? ಹದಿನಾಲ್ಕು ಬಟನ್, ತಲಾ 44 ಪಿಕ್ಸೆಲ್ ಅಂದರೆ 616. ಸ್ಕ್ರೀನಿನ ಅಗಲವೇ 1024. ಮೆನು, ಗಡಿಯಾರ, ವಾಲ್ಯೂಮ್ ಎಲ್ಲ ಹೋಗಿ ಉಳಿದ ಚೂರು ಜಾಗದಲ್ಲಿ ತೆರೆದ ವಿಂಡೋಗಳೆಲ್ಲ ಮುದುರಿಕೊಂಡಿದ್ದವು, ಒಂದರ ಹೆಸರೂ ಓದಲು ಆಗುತ್ತಿರಲಿಲ್ಲ. ನಿಮ್ಮ ಫೋಟೊದಲ್ಲೂ ಅದೇ ಸ್ಥಿತಿ ಇದೆ, ಒಮ್ಮೆ ನೋಡಿ.

ತಪ್ಪು ಮಕ್ಕಳದ್ದಲ್ಲ. 2009ರಲ್ಲಿ ಬಂದ ವಿಂಡೋಸ್ 7ರಿಂದ ಈಚೆಗೆ ಟಾಸ್ಕ್‌ಬಾರ್‌ನ ಬಟನ್ ಒತ್ತಿದರೆ ತೆರೆದಿರುವ ವಿಂಡೋ ಮುಂದೆ ಬರುತ್ತದೆ, ಎಲ್ಲರ ಕೈಗೂ ಅದೇ ರೂಢಿ. ಎಕ್ಸ್‌ಎಫ್‌ಸಿಇ ಲಾಂಚರ್ ಹಳೆಯ ವಿಂಡೋಸ್ 98ರ ಕ್ವಿಕ್ ಲಾಂಚ್ ಥರ, ಒತ್ತಿದರೆ ಹೊಸದು ತೆರೆಯುವುದಷ್ಟೇ ಗೊತ್ತು. ಡಾಕ್‌ಲೈಕ್ ಪ್ಲಗಿನ್ (ಪ್ಯಾನೆಲ್‌ಗೆ ಸೇರಿಸುವ ಚಿಕ್ಕ ಭಾಗ) ಹಾಕಿದರೆ ಲಾಂಚರ್ ಮತ್ತು ವಿಂಡೋ ಎರಡೂ ಒಂದೇ ಬಟನ್‌ನಲ್ಲಿ ಬರುತ್ತವೆ, ನಿಮ್ಮ ಆವೃತ್ತಿಯಲ್ಲಿ ಸಿಕ್ಕರೆ ಅದನ್ನೇ ಹಾಕಿ. ಮಿಂಟ್‌ನ ಇನ್ನೊಂದು ರೂಪ ಸಿನಮನ್, ಅದರ ಈಚಿನ ಆವೃತ್ತಿಗಳಲ್ಲಿ ಇದು ತಾನಾಗಿಯೇ ಹಾಗೆ ಇದೆ, ಆದರೆ 4 ಜಿಬಿ ಇಲ್ಲದ ಮೆಷಿನ್‌ಗೆ ಸಿನಮನ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈಗ ನಮ್ಮಲ್ಲಿ ಇರುವುದು ನಾಲ್ಕೇ: ಫೈಲ್ಸ್, ರೈಟರ್, ಫೈರ್‌ಫಾಕ್ಸ್, ಆಟ. ಫೈಲ್ಸ್ ಮೊದಲು ಯಾಕೆಂದರೆ ನಿನ್ನೆಯ ಕೆಲಸವನ್ನು ಅಲ್ಲಿಂದ ತೆರೆಯುವುದು ರೂಢಿಯಾಗಲಿ ಅಂತ. ಆಟ ಅನ್ನುವುದು ಒಂದೇ ಲಾಂಚರ್. ಅದರೊಳಗೆ ಟಕ್ಸ್ ಪೇಂಟ್ (ಚಿತ್ರ ಬಿಡಿಸುವುದು), ಜಿಕಾಂಪ್ರಿ (ಕಲಿಕೆಯ ಆಟಗಳು) ಎರಡನ್ನೂ ಸೇರಿಸಿದ್ದೇನೆ, ಪಕ್ಕದ ಬಾಣ ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಇದನ್ನು ಬಹಳ ಜನ ಬಳಸುವುದೇ ಇಲ್ಲ! ಅದೇ ಲಾಂಚರ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್‌ನಲ್ಲಿ ಚಿತ್ರದ ಬದಲು ಹೆಸರು ತೋರಿಸುವ ಆಯ್ಕೆ ಇದೆ. ಅದನ್ನು ಆನ್ ಮಾಡಿ, ಕನ್ನಡದಲ್ಲೇ "ಬರಹ", "ಆಟ" ಅಂತ ಹೆಸರು ಕೊಟ್ಟೆ. ಬಟನ್ ಚಿತ್ರ ನೋಡಿ ನೀಲಿ ಹಾಳೆ ಯಾವುದು, ಹಸಿರು ಹಾಳೆ ಯಾವುದು ಅಂತ ಕೇಳುವುದು ನಿಂತೇ ಹೋಯಿತು. ಮಿಕ್ಕ ಹತ್ತನ್ನು ವಿಸ್ಕರ್ ಮೆನು (ಎಲ್ಲ ಪ್ರೋಗ್ರಾಂ ಇರುವ ಮುಖ್ಯ ಮೆನು), ಅದರ ಫೇವರಿಟ್ಸ್‌ಗೆ ಹಾಕಿ, ಅಲ್ಲಿ ಇರಲಿ. ತೆರೆದ ವಿಂಡೋಗಳನ್ನು ತೋರಿಸುವ ವಿಂಡೋ ಬಟನ್ಸ್‌ನಲ್ಲಿ ಗ್ರೂಪ್ ಮಾಡುವುದನ್ನು ನೆವರ್‌ಗೆ ಇಡಿ, ಆಗ ಪ್ರತಿ ಹಾಳೆಯೂ ಬೇರೆಯಾಗಿ ಕಾಣುತ್ತದೆ.

ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ವಿಂಡೋ) ಬಟನ್ ಮೊದಲು ತೆಗೆಯಿರಿ, ಅದು ನಿಮಗೆ ಬೇಕು, ಮಕ್ಕಳಿಗಲ್ಲ. ಇನ್ನು ಶಟ್‌ಡೌನ್ ಅನ್ನು ಫೈರ್‌ಫಾಕ್ಸ್ ಪಕ್ಕ ಯಾಕೆ ಇಟ್ಟಿರಿ ಸರ್? ಬಲಗಡೆ ತುದಿಗೆ ಹಾಕಿ, ಖಚಿತವಾ ಅಂತ ಕೇಳುವ ಡೈಲಾಗ್ ಆನ್ ಇರಲಿ. ಬ್ರೌಸರ್ ಮೂರು ಇಟ್ಟಿದ್ದೀರಿ, ಒಂದೇ ಇಡಿ. ನನ್ನ ಮಟ್ಟಿಗೆ ಫೈರ್‌ಫಾಕ್ಸ್ ಸಾಕು, ಕ್ರೋಮ್‌ಗೆ ನಾನು ಹೋಗುವುದಿಲ್ಲ. ಜಾಗ ಉಳಿದರೆ ಗಡಿಯಾರದ ಪಕ್ಕ ಕೀಬೋರ್ಡ್ ಲೇಔಟ್ ಪ್ಲಗಿನ್ ಹಾಕಿ. ಕನ್ನಡದ ಕಗಪ ಲೇಔಟ್‌ಗೆ ಬದಲಾಗಿದೆಯಾ, ಇಂಗ್ಲಿಷ್‌ನಲ್ಲೇ ಇದೆಯಾ ಅಂತ ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಜಾಲತಾಣದ ವಿಳಾಸ ಟೈಪ್ ಮಾಡಲು ಹೋಗಿ ಕನ್ನಡ ಅಕ್ಷರ ಬಂತು ಅಂತ ಪಿರಿಯಡ್‌ಗೆ ಹತ್ತು ಸಲ ಕರೆಯುತ್ತಾರೆ.

ಹತ್ತೂ ಮೆಷಿನ್‌ಗಳಲ್ಲಿ ಒಂದೊಂದಾಗಿ ಕೂತು ಮಾಡಬೇಡಿ. ಒಂದು ಮಾದರಿ ಯೂಸರ್‌ನಲ್ಲಿ ಎಲ್ಲ ಸರಿಮಾಡಿ ಲಾಗ್‌ಔಟ್ ಆಗಿ, ಇದನ್ನು ಮರೆಯಬೇಡಿ. ಆಮೇಲೆ ಬೇರೆ ಅಡ್ಮಿನ್ ಯೂಸರ್‌ನಿಂದ ಅದರ ಹೋಮ್ ಫೋಲ್ಡರ್‌ನಲ್ಲಿ ಅಡಗಿರುವ ಕಾನ್ಫಿಗ್ (.config) ಒಳಗಿನ ಎಕ್ಸ್‌ಎಫ್‌ಸಿಇ4 ಫೋಲ್ಡರನ್ನು ಪ್ರತಿ ಮೆಷಿನ್‌ನ ಸ್ಕೆಲ್ (/etc/skel, ಹೊಸ ಯೂಸರ್ ಮಾಡುವಾಗ ಇದರದ್ದೇ ಕಾಪಿ ಹೋಗುತ್ತದೆ) ಫೋಲ್ಡರ್‌ನಲ್ಲಿರುವ ಕಾನ್ಫಿಗ್ ಒಳಗೆ ಕಾಪಿ ಮಾಡಿ, ಆ ನಂತರ ವಿದ್ಯಾರ್ಥಿ ಯೂಸರ್ ಮಾಡಿ. ಈಗಾಗಲೇ ಇರುವ ಯೂಸರ್‌ಗೆ ಸ್ಕೆಲ್ ಏನೂ ಮಾಡುವುದಿಲ್ಲ. ಅದು ಗೊತ್ತಿಲ್ಲದೆ ನಾನು ಒಂದು ಭಾನುವಾರ ಪೂರ್ತಿ ಕಳೆದೆ. ಹಳೆ ಯೂಸರ್‌ಗೆ ಸೂಡೊ (ಅಡ್ಮಿನ್ ಅಧಿಕಾರದಿಂದ ನಡೆಸುವ ಆಜ್ಞೆ) ಹಾಕಿ ಕಾಪಿ ಮಾಡಿದರೆ ಮಾಲೀಕತ್ವ ರೂಟ್ (ಮುಖ್ಯ ಅಡ್ಮಿನ್) ಹೆಸರಲ್ಲೇ ಉಳಿಯುತ್ತದೆ, ಚೌನ್ (chown, ಮಾಲೀಕತ್ವ ಬದಲಿಸುವ ಆಜ್ಞೆ) ಮಾಡಿ ಸರಿಮಾಡಿ. ಪ್ಯಾನೆಲ್ ಲಾಕ್ ಅನ್ನುವ ಟಿಕ್ ಮೇಲೆ ಭರವಸೆ ಇಡಬೇಡಿ, ಪ್ಯಾನೆಲ್ ಜರುಗುವುದಿಲ್ಲ ಅಷ್ಟೇ, ರೈಟ್ ಕ್ಲಿಕ್ ಮಾಡಿ ಬಟನ್ ತೆಗೆಯುವುದು ತಪ್ಪುವುದಿಲ್ಲ. ಅದಕ್ಕೇ ಆ ಫೋಲ್ಡರ್‌ನ ಒಂದು ಕಾಪಿ ಪೆನ್‌ಡ್ರೈವ್‌ನಲ್ಲಿ ಇರಲಿ.

ಕೊನೆಗೆ ಪ್ರಿಂಟರ್ ಬಟನ್ ಇಡಲಾ ಅಂತ ಕೇಳಿದ್ದಿರಿ. ಬೇಡ, ಪ್ರಿಂಟ್ ರೈಟರ್ ಒಳಗಿಂದಲೇ ಕೊಡಲಿ. ಹೊಸ ಸಾಲಿನ ಫೋಟೊ ಹಾಕಿ, ನೋಡಿ ಹೇಳುತ್ತೇನೆ.