ಬರೆದವರು ವರ್ಷನ್ ಕೊಟ್ಟಿಲ್ಲ, ಲೈಸೆನ್ಸೂ ಇಲ್ಲ: ಡೆಬಿಯನ್ ಪ್ಯಾಕೇಜ್ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಗೋಣಿಕೊಪ್ಪದ ಕಡೆ ತೋಟದವರು ಮಳೆ ಲೆಕ್ಕ ಬರೆದಿಡಲು ಬಳಸುವ ಪುಟ್ಟ ಪ್ರೋಗ್ರಾಂ ಒಂದಿದೆ. ಅದನ್ನು ನೀವು ಡೆಬಿಯನ್ ಪ್ಯಾಕೇಜ್ ಮಾಡಬೇಕು, ಅಂದರೆ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಸುಲಭವಾಗಿ ಹಾಕಿಕೊಳ್ಳುವಂತೆ ಕಟ್ಟಿಕೊಡಬೇಕು. ಬರೆದವರು ವರ್ಷನ್ ನಂಬರನ್ನೇ ಕೊಟ್ಟಿಲ್ಲ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಕೊನೆಯ ಕಮಿಟ್ (ದಾಖಲಾದ ಬದಲಾವಣೆ) 2024ರ ಜೂನ್ 10ರದು. ಲೈಸೆನ್ಸ್ ಫೈಲ್ ಇಲ್ಲ, ‘ಯಾರು ಬೇಕಾದರೂ ಬಳಸಿಕೊಳ್ಳಿ’ ಎಂಬ ಒಂದು ಸಾಲು ಮಾತ್ರ ಇದೆ. ಜೊತೆಗೆ ಒಂದಷ್ಟು ಕನ್ನಡ ಫಾಂಟ್, ಕಾಫಿ ಹೂವಿನ ಫೋಟೊಗಳಿವೆ.

ನಾನು ಮಡಿಕೇರಿಯಲ್ಲಿದ್ದುಕೊಂಡು ಇಂಥದ್ದೇ ಪ್ಯಾಕೇಜ್ ಕೆಲಸ ಮಾಡುತ್ತೇನೆ. ನಾನು ಪಾಲಿಸುವುದು ಇಷ್ಟೇ: ಬರೆದವರು ಹೇಳದೇ ಇರುವುದನ್ನು ಅವರ ಪರವಾಗಿ ನಾವು ಹೇಳಬಾರದು. ವರ್ಷನ್‌ನಲ್ಲಿ ಅವರಿಗೆ ಜಾಗ ಬಿಡಿ, ಲೈಸೆನ್ಸನ್ನು ಅವರ ಬಾಯಿಂದಲೇ ಕೇಳಿ.

ವರ್ಷನ್ ಇಲ್ಲ ಅಂತ ತಾರೀಖನ್ನೇ ಹಾಕಿ 20240610 ಎಂದು ಬಿಡುಗಡೆ ಮಾಡಿದಿರಿ ಅಂತಿಟ್ಟುಕೊಳ್ಳಿ. ಮುಂದೆ ಬರೆದವರು 1.0 ಬಿಡುಗಡೆ ಮಾಡಿದರೆ, ಡೆಬಿಯನ್ ಕಣ್ಣಿಗೆ ಅದು ಹಳೆಯದು. ಹಾಕಿಕೊಂಡವರ ಕಂಪ್ಯೂಟರಿಗೆ ಅಪ್‌ಡೇಟ್ ಹೋಗುವುದೇ ಇಲ್ಲ. ಆಗ ಉಳಿಯುವ ದಾರಿ ಎಪಾಕ್, ಅಂದರೆ ಮುಂದೆ ಒಂದು ಅಂಕಿ ಸೇರಿಸಿ 1:1.0 ಎಂದು ಬರೆಯುವುದು. ಒಮ್ಮೆ ಹಾಕಿದ ಎಪಾಕನ್ನು ಮತ್ತೆ ತೆಗೆಯಲು ಆಗುವುದಿಲ್ಲ, ಆ ಪ್ಯಾಕೇಜ್ ಇರುವಷ್ಟು ಕಾಲ ಅದೂ ಇರುತ್ತದೆ. ಅದಕ್ಕೇ 0~20240610 ಎಂದು ಕೊಡಿ. ಆ ಟಿಲ್ಡೆ (~) ಗುರುತು ಹೋಲಿಕೆಯಲ್ಲಿ ಎಲ್ಲಕ್ಕಿಂತ ಕೆಳಗೆ ನಿಲ್ಲುತ್ತದೆ, ಅಲ್ಲಿ ಏನೂ ಇಲ್ಲದಿರುವುದಕ್ಕಿಂತಲೂ ಕೆಳಗೆ. ನಾಳೆ ಅವರು 0.1 ಅಂದರೂ ಸರಿ, 1.0 ಅಂದರೂ ಸರಿ, ಅದು ನಿಮ್ಮದಕ್ಕಿಂತ ಹೊಸದಾಗಿಯೇ ಕಾಣುತ್ತದೆ.

ಇನ್ನೊಂದು ವಿಷಯ, ಮಳೆ ಲೆಕ್ಕದವರಿಗೆ ಗೊಂದಲ ಆಗುವಂಥದ್ದು. ಮಳೆ ಪುಸ್ತಕದಲ್ಲಿ 1.9 ಅಂದರೆ ಒಂದು ಇಂಚು ತೊಂಬತ್ತು ಸೆಂಟು, 1.10ಕ್ಕಿಂತ ಜಾಸ್ತಿ ಮಳೆ. ವರ್ಷನ್‌ನಲ್ಲಿ ಇದು ಉಲ್ಟಾ. ಚುಕ್ಕಿಯ ಆಚೆಗಿನದು ಒಂಬತ್ತು ಮತ್ತು ಹತ್ತು, ಹಾಗಾಗಿ 1.10 ದೊಡ್ಡದು. ಅನುಮಾನ ಬಂದರೆ ಡೆಬಿಯನ್ನಿನ ಪ್ಯಾಕೇಜ್ ಸಾಧನ ಡಿಪಿಕೆಜಿಯಲ್ಲೇ ವರ್ಷನ್ ಹೋಲಿಸುವ ಆಯ್ಕೆ ಇದೆ, ಹಾಕಿ ನೋಡಿ.

ಈಗ ಲೈಸೆನ್ಸ್. ‘ಬಳಸಿಕೊಳ್ಳಿ’ ಅಂದಮಾತ್ರಕ್ಕೆ ತಿದ್ದಬಹುದು, ಹಂಚಬಹುದು ಅಂತ ಆಗುವುದಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಕ್ಕು ಸಿಗಲು ನೋಂದಣಿ ಬೇಕಿಲ್ಲ, ಬರೆದ ಕೂಡಲೇ ಅದು ಬರೆದವರದು. ಪ್ಯಾಕೇಜ್ ಮಾಡುವುದು ಅಂದರೆ ತಿದ್ದುವುದು ಮತ್ತು ಹಂಚುವುದು, ಅಲ್ವಾ? ಹಾಗಾಗಿ ಅವರಿಗೊಂದು ಮೇಲ್ ಬರೆಯಿರಿ. ಬಳಸಲು, ತಿದ್ದಲು, ಹಂಚಲು, ಮಾರಲು ಒಪ್ಪಿಗೆ ಇದೆಯೇ ಎಂದು ನೇರವಾಗಿ ಕೇಳಿ. ಲೈಸೆನ್ಸ್ ಫೈಲನ್ನು ಅವರೇ ತಮ್ಮ ಗಿಟ್‌ಗೆ ಸೇರಿಸಲಿ. ಅವರು ಜಿಪಿಎಲ್ (ಸೋರ್ಸ್ ಕೋಡನ್ನೂ ಕೊಡಬೇಕೆನ್ನುವ ಒಂದು ಮುಕ್ತ ಲೈಸೆನ್ಸ್) ಅಂದರೆ ಅಲ್ಲಿಗೆ ನಿಲ್ಲಿಸಬೇಡಿ. 1991ರ ಎರಡನೇ ವರ್ಷನ್ ಮಾತ್ರವೋ, ‘ಎರಡು ಅಥವಾ ಮುಂದಿನದು’ ಎಂತಲೋ, 2007ರ ಮೂರನೆಯದೋ ಕೇಳಿ. ಪ್ರೋಗ್ರಾಂ ಒಳಗೆ ಅಪಾಚೆ 2.0 ಎಂಬ ಇನ್ನೊಂದು ಮುಕ್ತ ಲೈಸೆನ್ಸಿನ ಲೈಬ್ರರಿ (ಬೇರೆಯವರ ಸಿದ್ಧ ಕೋಡ್) ಏನಾದರೂ ಇದ್ದರೆ, ಜಿಪಿಎಲ್ ಮೂರರ ಜೊತೆ ಅದು ಹೊಂದುತ್ತದೆ. ಎರಡು ಮಾತ್ರ ಅಂದರೆ ಹೊಂದುವುದಿಲ್ಲ ಎಂಬುದು ಜಿಪಿಎಲ್ ಹೊರತಂದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ನಿಲುವು. ಉತ್ತರವೇ ಬರದಿದ್ದರೆ ಹಂಚಬೇಡಿ. ಬೇಸರ ಆಗುತ್ತದೆ, ನಿಜ. ಆದರೂ ಅಷ್ಟು ಸಣ್ಣ ಪ್ರೋಗ್ರಾಂ ಆದರೆ ಹೊಸದಾಗಿ ಬರೆಯುವುದೇ ಒಳ್ಳೆಯದು.

ಫಾಂಟ್‌ಗಳನ್ನು ಒಳಗೆ ತುಂಬಬೇಡಿ. ಲೋಹಿತ್, ಗುಬ್ಬಿ, ನವಿಲು ಎಲ್ಲ ಡೆಬಿಯನ್‌ನಲ್ಲೇ ಪ್ಯಾಕೇಜ್ ಆಗಿವೆ, ಅದು ಬೇಕು ಅಂತ ಡಿಪೆಂಡೆನ್ಸಿಯಲ್ಲಿ (ಜೊತೆಗೆ ಬೇಕಾದ ಪ್ಯಾಕೇಜ್‌ಗಳ ಪಟ್ಟಿಯಲ್ಲಿ) ಬರೆದರೆ ಸಾಕು.

ಫೋಟೊಗಳಿಗೆ ಕ್ರಿಯೇಟಿವ್ ಕಾಮನ್ಸಿನ ‘ವಾಣಿಜ್ಯ ಬಳಕೆ ಇಲ್ಲ’ ಎಂಬ ಲೈಸೆನ್ಸ್ ಇದೆ ಅಂದಿದ್ದೀರಿ. ಡೆಬಿಯನ್ ಲೆಕ್ಕದಲ್ಲಿ ಅದು ಫ್ರೀ, ಅಂದರೆ ಮುಕ್ತ, ಅಲ್ಲ. ನನಗೂ ಅದು ಸರಿ ಅನ್ನಿಸುತ್ತದೆ. ತೋಟದವರು ಮಳೆ ಬರೆದಿಡುವುದೇ ಕಾಫಿ ವ್ಯವಹಾರಕ್ಕೆ. ಈ ಪ್ರೋಗ್ರಾಂ ಯಾರಿಗೆ ಬೇಕೋ ಅವರೇ ಆ ಷರತ್ತಿಗೆ ಸಿಕ್ಕಿಬೀಳುತ್ತಾರೆ. ಆ ಫೋಟೊಗಳನ್ನು ತೆಗೆದುಹಾಕಿ ಸೋರ್ಸ್ ಕೋಡಿನ ಕಟ್ಟನ್ನು ಹೊಸದಾಗಿ ಕಟ್ಟಿ. ತೆಗೆದುಹಾಕಿದ್ದು ಎಲ್ಲರಿಗೂ ಗೊತ್ತಾಗಲೆಂದು ವರ್ಷನ್ ಕೊನೆಗೆ +ಡಿಎಫ್‌ಎಸ್‌ಜಿ ಅಂತ ಸೇರಿಸುವುದು ರೂಢಿ (ಡೆಬಿಯನ್ನಿನ ಫ್ರೀ ಸಾಫ್ಟ್‌ವೇರ್ ನಿಯಮಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು, ಅಲ್ಲಿ ಇಂಗ್ಲಿಷ್‌ನ ಸಣ್ಣ ಅಕ್ಷರಗಳನ್ನೇ ಹಾಕಬೇಕು). ಆಮೇಲಿನ -1 ನಿಮ್ಮದು, ಅಂದರೆ ನಿಮ್ಮ ಪ್ಯಾಕೇಜ್ ಕೆಲಸದ ಸಂಖ್ಯೆ. ಪ್ಯಾಕೇಜಿನ ಕೆಲಸ ಮಾತ್ರ ತಿದ್ದಿದರೆ -2 ಮಾಡಿ.

ಕಾಪಿರೈಟ್ ಫೈಲ್ (ಯಾವ ಫೈಲ್ ಯಾರದು, ಯಾವ ಲೈಸೆನ್ಸಿನದು ಎಂಬ ಪಟ್ಟಿ) ಬರೆಯುವಾಗ ಲೈಸೆನ್ಸ್ ಹುಡುಕಿಕೊಡುವ ಲೈಸೆನ್ಸ್‌ಚೆಕ್ ಎಂಬ ಸಾಧನ ಓಡಿಸಿ, ಆದರೆ ಅದನ್ನೇ ನಂಬಿ ಕೂರಬೇಡಿ. ಪ್ರತಿ ಫೈಲಿನ ತಲೆ ಓದಿ. ಎಂಐಟಿ ಎಂಬ ಮುಕ್ತ ಲೈಸೆನ್ಸಿನ ಕೋಡ್ ಸಿಕ್ಕರೆ ಅದರಲ್ಲಿರುವ ಹಕ್ಕುದಾರರ ಹೆಸರು, ವರ್ಷ, ಲೈಸೆನ್ಸಿನ ಪೂರ್ತಿ ಪಠ್ಯ ಉಳಿಸಿಕೊಳ್ಳಿ. ಅದು ಕೇಳುವ ಮುಖ್ಯ ಷರತ್ತೇ ಅದು.

ಮಳೆಗಾಲದಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಪೆನ್‌ಡ್ರೈವ್‌ನಲ್ಲಿ ಕೊಡಬಹುದೇ ಅಂತ ಕೇಳಿದ್ದೀರಿ. ಖಂಡಿತ ಕೊಡಬಹುದು. ಜಿಪಿಎಲ್ ಆದರೆ ಅದೇ ಪೆನ್‌ಡ್ರೈವ್‌ಗೆ ಸೋರ್ಸ್ ಕೋಡನ್ನೂ ಹಾಕಿಬಿಡಿ, ಸೋರ್ಸ್ ಕೊಡಬೇಕೆಂಬ ಷರತ್ತು ಅಲ್ಲಿಗೇ ಮುಗಿಯಿತು. ಬರೆದವರ ಉತ್ತರ ಬಂದ ಮೇಲೆ ನಿಮ್ಮ ಕಾಪಿರೈಟ್ ಫೈಲನ್ನು ಇಲ್ಲೇ ಹಾಕಿ, ನಾನು ಓದಿ ಹೇಳುತ್ತೇನೆ.