ಬೆಳ್ಳುಳ್ಳಿಗೆ ಮೊದಲು ಚಳಿ, ಗೊಬ್ಬರ ಆಮೇಲೆ

ಪ್ರಶ್ನೆ: ಗವಿಮಠದ ಜಾತ್ರೆ ಮುಗಿದ ಮೇಲೆ ಹಿತ್ತಲಲ್ಲಿ ಬೆಳ್ಳುಳ್ಳಿ ಊರಿದೆ. ಎಲೆ ಚೆನ್ನಾಗಿ ಬಂತು. ಕಿತ್ತು ನೋಡಿದರೆ ಸಣ್ಣ ಈರುಳ್ಳಿ ತರ ಒಂದೇ ಗಡ್ಡೆ, ಎಸಳೇ ಇಲ್ಲ. ಯಾವ ಗೊಬ್ಬರ ಹಾಕಬೇಕಿತ್ತು? – ಓದುಗರು, ಕೊಪ್ಪಳ

ಉತ್ತರ: ಪ್ರತಿ ಬೇಸಿಗೆ ಇದೇ ಪತ್ರ. ಊರು ಮಾತ್ರ ಬೇರೆ. ಯಾವ ಗೊಬ್ಬರದಿಂದಲೂ ಇದು ಸರಿಹೋಗುತ್ತಿರಲಿಲ್ಲ. ನೀವು ತಪ್ಪಿದ್ದು ತಿಂಗಳಲ್ಲಿ.

ಬೆಳ್ಳುಳ್ಳಿ ಗಿಡ ಚಳಿಯಲ್ಲಿ ಎಲೆ ಬೆಳೆಸಿಕೊಳ್ಳಬೇಕು. ಆಮೇಲೆ ಹಗಲು ಉದ್ದವಾಗಿ ಬಿಸಿಲೇರಿದಾಗ ಗಡ್ಡೆ ಕಟ್ಟುತ್ತದೆ. ಉಂಡ ಚಳಿ ಸಾಲದಿದ್ದರೆ ಗಡ್ಡೆ ಎಸಳಾಗಿ ಒಡೆಯುವುದಿಲ್ಲ. ಜನವರಿಯಲ್ಲಿ ಊರಿದರೆ ನಾಲ್ಕು ಎಲೆ ಬರುವಷ್ಟರಲ್ಲಿ ಶಿವರಾತ್ರಿ. ಚಳಿ 'ಶಿವ ಶಿವಾ' ಅಂತ ಹೋಗಿರುತ್ತದೆ. ನಮ್ಮಲ್ಲಿ ಶೀಗಿ ಹುಣ್ಣಿಮೆಯಿಂದ ಗೌರಿ ಹುಣ್ಣಿಮೆಯೊಳಗೆ, ಅಂದರೆ ಅಕ್ಟೋಬರ್-ನವೆಂಬರ್‌ನಲ್ಲಿ, ಊರಿ ಮುಗಿಸಬೇಕು. ಸುಮಾರು 120ರಿಂದ 140 ದಿನದ ಬೆಳೆ ಇದು. ಗದಗದ ಕಡೆ ಮುಂಗಾರಿನಲ್ಲೂ ಬೆಳೆಯುತ್ತಾರೆ, ನಿಜ. ಮಳೆಗಾಲದ ಎಲೆಚುಕ್ಕೆ ರೋಗದ ಜೊತೆ ಗುದ್ದಾಡುವ ಉಸಾಬರಿ ಹಿತ್ತಲಿನವರಿಗೆ ಯಾಕೆ?

ಇನ್ನೊಂದು ಕಾರಣ ಬಿತ್ತನೆ. ದಪ್ಪ ಎಸಳನ್ನು ಒಗ್ಗರಣೆಗೆ ಹಾಕಿ, ಗಡ್ಡೆಯ ನಡುವಿನ ಕಡ್ಡಿಯಂಥ ಎಸಳನ್ನು ಮಣ್ಣಿಗೆ ಹಾಕುತ್ತೀರಿ. ಉಲ್ಟಾ ಮಾಡಿ. ಹೊರಸುತ್ತಿನ ದಪ್ಪ ಎಸಳು ಬೀಜಕ್ಕೆ, ಸಿಪ್ಪೆ ಸುಲಿಯದೆ. ಬಜಾರಿನ ಭಾರೀ ಎಸಳಿನ ಗುಡ್ಡಗಾಡು ತಳಿಗೆ ಮರುಳಾಗಬೇಡಿ. ಅದಕ್ಕೆ ಬೇಕಾದ ಚಳಿಯೂ ಅಷ್ಟುದ್ದದ ಹಗಲೂ ನಮ್ಮಲ್ಲಿಲ್ಲ. ನಮ್ಮ ಸೀಮೆಯ ನಾಟಿ ತಳಿಯೇ ಸಾಕು.

ಚಳಿ ಸಾಲದು ಅನಿಸಿದರೆ, ಊರುವ ಮುಂಚೆ ಇಡೀ ಗಡ್ಡೆಯನ್ನು ಕಾಗದದ ಚೀಲದಲ್ಲಿ ಹಾಕಿ ಮೂರು ವಾರ ಫ್ರಿಜ್‌ನಲ್ಲಿ ಇಡಬಹುದು. ಫ್ರೀಜರ್‌ನಲ್ಲಲ್ಲ. ತಿಂಗಳು ದಾಟಿಸಲು ನಾನಂತೂ ಹೇಳುವುದಿಲ್ಲ. ಚಳಿ ಅತಿಯಾದರೂ ಪಕ್ಕದಲ್ಲಿ ಮೊಳಕೆ ಒಡೆದು ಗಡ್ಡೆ ಕೆಡುತ್ತದೆ.

ಎರೆ ಮಣ್ಣಾದರೆ ಏರುಮಡಿ ಮಾಡಿ, ಕಳಿತ ತಿಪ್ಪೆಗೊಬ್ಬರ ಬೆರೆಸಿ. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಇಷ್ಟು ತಾಪತ್ರಯವಿಲ್ಲ. ಗಡ್ಡೆ ಕಟ್ಟುವ ಹೊತ್ತಿಗೆ ಯೂರಿಯಾ ಸುರಿದರೆ ಎಲೆ ಸೊಕ್ಕುತ್ತದೆ, ಗಡ್ಡೆ ಬಾಳುವುದಿಲ್ಲ. ನಿಮ್ಮ ಒಂಟಿ ಗಡ್ಡೆ ಎಸೆಯಬೇಡಿ. ತಿನ್ನಿ, ಇಲ್ಲವೇ ಬರುವ ಅಕ್ಟೋಬರ್‌ನಲ್ಲಿ ಊರಿ. ಚಳಿ ಸಿಕ್ಕರೆ ಎಸಳಾಗುತ್ತದೆ.

ಎಲೆ ತುದಿ ಒಣಗುತ್ತಿದೆ. ನದರು ಆಗಿದೆ ಅಂತ ಅತ್ತೆ ಮೆಣಸಿನಕಾಯಿ ಕಟ್ಟಿದ್ದಾರೆ. – ರಾಯಚೂರು
ಮೆಣಸಿನಕಾಯಿ ಸಾರಿಗೆ ಹಾಕಿ. ನಿಮ್ಮದು ಬೋರ್‌ವೆಲ್‌ನ ಸವಳು ನೀರಾ ನೋಡಿ. ಬೆಳ್ಳುಳ್ಳಿ ಉಪ್ಪು ತಾಳುವುದಿಲ್ಲ. ನೀರು ಸಿಹಿಯಿದ್ದರೆ ಒಳಎಲೆಯ ಬುಡ ಬಿಡಿಸಿ ನೋಡಿ. ಎಲೆ ಮೇಲೆ ಬೆಳ್ಳಿ ಗೆರೆ, ಸಂದಿಯಲ್ಲಿ ಹಳದಿ ಹುಳು ಓಡಾಡುತ್ತಿದ್ದರೆ ಅದು ಥ್ರಿಪ್ಸ್ ನುಸಿ. ಜೋರಾಗಿ ನೀರು ಹೊಡೆದು ತೊಳೆಯಿರಿ, ಬೇವಿನೆಣ್ಣೆ ಸಿಂಪಡಿಸಿ.

ಆನ್‌ಲೈನ್‌ನಲ್ಲಿ ಬೆಳ್ಳುಳ್ಳಿ ಬೀಜದ ಪ್ಯಾಕೆಟ್ ತರಿಸಿದೆ. ಕಪ್ಪು ಬೀಜ ಬಂದಿದೆ. – ಬಳ್ಳಾರಿ
ನಾವು ಬೆಳೆಯುವ ಬೆಳ್ಳುಳ್ಳಿ ಬೀಜ ಕಟ್ಟುವುದಿಲ್ಲ. ದುಡ್ಡು ವಾಪಸ್ ಕೇಳಿ.

ಒಂಟಿ ಬೆಳ್ಳುಳ್ಳಿ ತಿಂದರೆ ಬಿಪಿ ಮಾತ್ರೆ ಬಿಡಬಹುದಂತೆ? – ಗಂಗಾವತಿ
ಬಿಡಬೇಡಿ. ಚಳಿ ಸಾಲದೆ ಎಸಳಾಗದ ಗಡ್ಡೆಯನ್ನು ಔಷಧಿ ಅಂತ ದುಬಾರಿ ರೇಟಿಗೆ ಮಾರುವವರ ಮಾತು ಅದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಜಾಸ್ತಿ ಹಸಿ ಬೆಳ್ಳುಳ್ಳಿ ತಿನ್ನುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ಗಡ್ಡೆ ದಪ್ಪಗಾಗಲು ಎಲೆಗೆ ಗಂಟು ಹಾಕಬೇಕಾ? – ಸಿಂಧನೂರು
ಬೇಡ. ಗಡ್ಡೆಗೆ ಊಟ ಬರುವುದೇ ಆ ಎಲೆಯಿಂದ.